ಊರವರ ಲೆಕ್ಕ ಬರೆಯುವವನ ಸ್ವಂತ ಲೆಕ್ಕ

ನಾನು ಅಡಿಕೆ ಮಂಡಿಯ ಗುಮಾಸ್ತ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸಾಗರದ ಸುತ್ತಲಿನ ಮುನ್ನೂರಕ್ಕೂ ಹೆಚ್ಚು ಬೆಳೆಗಾರರ ಖಾತೆ ನನ್ನ ಕೈಯಲ್ಲಿ ಓಡಾಡುತ್ತದೆ. ಯಾರು ಎಷ್ಟು ಮೂಟೆ ರಾಶಿ (ಬೇಯಿಸಿ ಒಣಗಿಸಿದ ಅಡಿಕೆ) ತಂದರು, ಎಷ್ಟು ಚಾಲಿ (ಸಿಪ್ಪೆ ಸಮೇತ ಒಣಗಿಸಿದ್ದು), ಯಾರಿಗೆ ಎಷ್ಟು ಮುಂಗಡ ಹೋಗಿದೆ, ಯಾರ ಮಗಳ ಮದುವೆಗೆ ಯಜಮಾನರು ಚೀಟಿ ಇಲ್ಲದೆ ಎಷ್ಟು ಕೊಟ್ಟಿದ್ದಾರೆ, ಎಲ್ಲ ಬಾಯಿಪಾಠ. ಇಂಥ ನನ್ನನ್ನು 2024ರ ಜುಲೈನ ಒಂದು ಮಂಗಳವಾರ ಡಾಕ್ಟರು ಕೇಳಿದರು, “ಆನ್‌ಲೈನ್ ರಮ್ಮಿ ಆಟದಲ್ಲಿ ಒಟ್ಟು ಎಷ್ಟು ಕಳೆದುಕೊಂಡಿದ್ದೀರಿ?”

“ಮೂರು, ಮೂರೂವರೆ ಲಕ್ಷ ಇರಬಹುದು ಮೇಡಂ” ಅಂದೆ.

ಸುಳ್ಳು ಹೇಳಿರಲಿಲ್ಲ. ನಾನು ನಿಜವಾಗಿಯೂ ಹಾಗೇ ನಂಬಿದ್ದೆ.

ಇಸ್ಪೀಟು ನನಗೆ ಹೊಸದಲ್ಲ. ನಮ್ಮ ಅಜ್ಜನ ಮನೆಯಲ್ಲಿ ದೀಪಾವಳಿಗೆ ಜಗಲಿ ಮೇಲೆ ಕಂಬಳಿ ಹಾಸಿ ರಾತ್ರಿಯಿಡೀ ಆಡುತ್ತಿದ್ದರು. ಹುಡುಗರಿಗೆ ಹುಣಸೆಬೀಜ, ದೊಡ್ಡವರಿಗೆ ನಾಲ್ಕಾಣೆ. ಎಲೆ ಕಲೆಸಿ, ಹಂಚಿ, ನಡುವೆ ಒಬ್ಬ ಎದ್ದು ಕವಳ ಹಾಕಿ ಬರುವಷ್ಟರಲ್ಲಿ ಒಂದು ಆಟ ಮುಗಿಯಲು ಕಾಲು ಗಂಟೆ. ಬೆಳಗಾದ ಮೇಲೆ ಗೋಪೂಜೆ, ಆಟ ಅಲ್ಲಿಗೆ ನಿಂತಿತು. ಮುಂದಿನ ವರ್ಷದವರೆಗೆ ಯಾರೂ ಎಲೆ ಮುಟ್ಟುತ್ತಿರಲಿಲ್ಲ. ಲಾಟರಿ ಕಾಲವನ್ನೂ ನೋಡಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಟೇಬಲ್ ಹಾಕಿಕೊಂಡು, ಮೈಕಿನಲ್ಲಿ ಕೂಗಿ ಮಾರುತ್ತಿದ್ದರು. ನಮ್ಮ ಪಕ್ಕದ ಮನೆಯವರೊಬ್ಬರು ಅದರಲ್ಲೇ ತೋಟ ಕಳೆದರು. 2007ರಲ್ಲಿ ಕರ್ನಾಟಕ ಲಾಟರಿ ನಿಲ್ಲಿಸಿದಾಗ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಹದಿಮೂರು ವರ್ಷ ಕಳೆದು ಅದೇ ಅಂಗಡಿ ತನ್ನ ಮಗನ ಕಿಸೆಯೊಳಗೆ ಬಂದು ಕೂರುತ್ತದೆ ಅಂತ ಅವಳಿಗೇನು ಗೊತ್ತು.

2020ರ ಲಾಕ್‌ಡೌನ್. ಮಂಡಿ ಮುಚ್ಚಿತ್ತು. ಯಾರೋ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರು. ಹೊಸಬರಿಗೆ ಬೋನಸ್ ಅಂತ ಇತ್ತು. ಪಾಯಿಂಟ್ಸ್ ರಮ್ಮಿ, 13 ಎಲೆ. ಶುರುವಿನಲ್ಲೇ ಡ್ರಾಪ್ ಮಾಡಿದರೆ 20 ಪಾಯಿಂಟ್ ಹೋಗುತ್ತದೆ, ನಡುವೆ ಬಿಟ್ಟರೆ 40, ಪೂರ್ತಿ ಸೋತರೆ ಹೆಚ್ಚೆಂದರೆ 80. ಪಾಯಿಂಟಿಗೆ 10 ಪೈಸೆ ಟೇಬಲ್. ಅಂದರೆ ಒಂದು ಆಟಕ್ಕೆ 8 ರೂಪಾಯಿಗಿಂತ ಜಾಸ್ತಿ ಹೋಗುವ ಹಾಗೇ ಇಲ್ಲ. ಒಂದು ಚಹಾದ ದುಡ್ಡು ಅಂದುಕೊಂಡೆ. ಆದರೆ ಕಾಲು ಗಂಟೆಯ ಆಟ ಇಲ್ಲಿ ಎರಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಎಲೆ ಕಲೆಸುವ ಕೆಲಸ ಇಲ್ಲ, ಕವಳಕ್ಕೆ ಏಳುವವರಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಟೇಬಲ್ ಸಿದ್ಧ. ರಾತ್ರಿ ಎರಡು ಗಂಟೆಗೂ ಎದುರಿಗೆ ಯಾರೋ ಕೂತಿರುತ್ತಾರೆ. ಆರು ತಿಂಗಳಲ್ಲಿ ನಾನು ಪಾಯಿಂಟಿಗೆ 10 ರೂಪಾಯಿ ಟೇಬಲ್‌ಗೆ ಬಂದಿದ್ದೆ. ಅಲ್ಲಿ ಒಂದು ಆಟ ಪೂರ್ತಿ ಸೋತರೆ 800 ರೂಪಾಯಿ. ನನ್ನ ಒಂದು ದಿನದ ಸಂಬಳಕ್ಕಿಂತ ಜಾಸ್ತಿ.

ಹೆಂಡತಿಗೆ ಮೊದಮೊದಲು ಮುಚ್ಚಿಡಲಿಲ್ಲ. ಅವಳು ಜೂಜು ಅಂದಾಗ ನಾನು ಕೋರ್ಟಿನ ಮಾತು ಹೇಳುತ್ತಿದ್ದೆ. “1967ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ರಮ್ಮಿ ಕೌಶಲದ ಆಟ. ಮೂರೆಲೆ ಥರ ಅಲ್ಲ.” ಅದು ನಿಜವೇ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲಿನ ಕೇಸಿನಲ್ಲಿ ಕೋರ್ಟು ಹಾಗೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು. “ಹಂಗಾರೆ ನಿಮಗೆ ಕೌಶಲ ಇಲ್ಲ ಅಂತಾಯ್ತಲ್ಲ?” ಅವತ್ತಿನಿಂದ ಬಚ್ಚಲುಮನೆಗೆ ಫೋನ್ ತೆಗೆದುಕೊಂಡು ಹೋಗತೊಡಗಿದೆ.

ಈಗ ನೆನೆಸಿಕೊಂಡರೆ ನಗು ಬರುವ ಸಂಗತಿ ಬೇರೆ ಇದೆ. ಗೆದ್ದವನ ದುಡ್ಡಿನಲ್ಲಿ ಆ್ಯಪ್‌ನವರು ಪ್ರತಿ ಆಟಕ್ಕೂ ತಮ್ಮ ಪಾಲು ಮುರಿದುಕೊಳ್ಳುತ್ತಿದ್ದರು. ನಾನು ಕೂರುತ್ತಿದ್ದ ಟೇಬಲ್‌ನಲ್ಲಿ ನೂರಕ್ಕೆ ಹದಿನೈದು. ದಲಾಲಿ ಅಂದರೆ ಏನು ಅಂತ ಮಂಡಿ ಗುಮಾಸ್ತನಿಗೆ ಯಾರಾದರೂ ಹೇಳಿಕೊಡಬೇಕಾ? ದರ ಏರಲಿ ಇಳಿಯಲಿ, ದಲಾಲಿ ಬಂದೇ ಬರುತ್ತದೆ. ಅದರ ಮೇಲೇ ನನ್ನ ಸಂಬಳ ನಡೆಯುವುದು. ಒಂದೇ ದುಡ್ಡು ಹತ್ತು ಸಲ ಟೇಬಲ್ ಸುತ್ತಿದರೆ ಹತ್ತು ಸಲವೂ ದಲಾಲಿ ಮುರಿಯುತ್ತದೆ, ಕೊನೆಗೆ ಆಡುವವರ ಹತ್ತಿರ ಹೆಚ್ಚೇನೂ ಉಳಿಯುವುದಿಲ್ಲ. ಒಂದನೇ ಕ್ಲಾಸಿನ ಲೆಕ್ಕ. ನಾಲ್ಕು ವರ್ಷ ನನ್ನ ತಲೆಗೆ ಹೊಳೆಯಲಿಲ್ಲ.

ನಡುವೆ ಒಮ್ಮೆ ನಾಲ್ಕು ತಿಂಗಳು ಬಿಡುವು ಸಿಕ್ಕಿತ್ತು. 2021ರ ಅಕ್ಟೋಬರ್ 5ರಿಂದ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. ಆ್ಯಪ್ ತೆರೆದರೆ ‘ನಿಮ್ಮ ರಾಜ್ಯದಲ್ಲಿ ಲಭ್ಯವಿಲ್ಲ’ ಅಂತ ಬರುತ್ತಿತ್ತು. ಮೊದಲ ವಾರ ಸಿಟ್ಟು, ನಿದ್ದೆ ಇಲ್ಲ. ಆಮೇಲೆ ಒಂದು ಥರ ಹಗುರ. ಆ ವರ್ಷ ಕೊಯ್ಲಿನ ಹೊತ್ತಿನಲ್ಲಿ ನಾನು ಮನೆಯಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಿದ್ದು ಮಗಳಿಗೆ ಇನ್ನೂ ನೆನಪಿದೆ. 2022ರ ಫೆಬ್ರವರಿ 14ಕ್ಕೆ ಹೈಕೋರ್ಟು ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿತು. ಕಾನೂನಿನ ಸರಿ ತಪ್ಪು ನನಗೆ ತಿಳಿಯದು. ಸ್ವಲ್ಪ ದಿನದಲ್ಲೇ ಫೋನಿಗೆ ಮೆಸೇಜ್ ಬಂತು. ಮತ್ತೆ ಸ್ವಾಗತ, ನಿಮ್ಮ ಖಾತೆಯಲ್ಲಿ ಬೋನಸ್ ಕಾಯುತ್ತಿದೆ ಅಂತ. ಕಂಪನಿಯವರು ನನ್ನನ್ನು ಮರೆತಿರಲಿಲ್ಲ.

2023ರ ಅಕ್ಟೋಬರ್‌ನಿಂದ ಹಾಕುವ ದುಡ್ಡಿನ ಮೇಲೆಯೇ 28 ಪರ್ಸೆಂಟ್ ಜಿಎಸ್‌ಟಿ ಬಂತು. ಇನ್ನಾದರೂ ಜನ ಬಿಡುತ್ತಾರೆ ಅಂದರು. ನನ್ನ ಆ್ಯಪ್‌ನವರು ಆ ತೆರಿಗೆಯಷ್ಟನ್ನೂ ಬೋನಸ್ ಅಂತ ತುಂಬಿಕೊಟ್ಟರು. ನಾನು ಇನ್ನೂ ಜಾಸ್ತಿ ಹಾಕಿದೆ.

ಸಾಲದ ಕಥೆ ಉದ್ದ ಮಾಡುವುದಿಲ್ಲ. ಎಲ್ಲರದ್ದೂ ಹೀಗೇ ಇರುತ್ತದೆ. ಸೊಸೈಟಿ ಸಾಲ, ಕೈಗಡ, ಫೋನಿನಲ್ಲೇ ಐದು ನಿಮಿಷಕ್ಕೆ ಸಿಗುವ ಲೋನ್ ಆ್ಯಪ್‌ಗಳು ನಾಲ್ಕು, ಹೆಂಡತಿಯ ಅವಲಕ್ಕಿ ಸರ ಮತ್ತು ಎರಡು ಬಳೆ ಗಿರವಿ. ಕೊನೆಗೆ ಮಂಡಿಯ ದುಡ್ಡು, 40,000. ತುಮರಿ ಕಡೆಯ ಬೆಳೆಗಾರರೊಬ್ಬರಿಗೆ ಕೊಡಬೇಕಿದ್ದ ಮುಂಗಡ. ಸಂಜೆ ತೆಗೆದುಕೊಂಡೆ, ಬೆಳಗ್ಗೆ ಇಡುತ್ತೇನೆ ಅಂತ. ಕಳ್ಳತನ ಅನ್ನುವ ಪದ ನನ್ನ ತಲೆಯಲ್ಲಿ ಸುಳಿಯಲೇ ಇಲ್ಲ. ತಲೆಯಲ್ಲಿದ್ದದ್ದು ‘ರಾತ್ರಿಯ ಮಟ್ಟಿಗೆ’ ಅನ್ನುವುದೊಂದೇ.

ಮನೆಗೆ ಗೊತ್ತಾಗಿದ್ದು 2024ರ ಮೇನಲ್ಲಿ, ಪೋಸ್ಟ್‌ಮ್ಯಾನ್ ತಂದ ರಿಜಿಸ್ಟರ್ ಪತ್ರದಿಂದ. ಫೈನಾನ್ಸಿನವರ ಹರಾಜು ನೋಟಿಸ್. ಹೆಂಡತಿಯೇ ಸಹಿ ಹಾಕಿ ತೆಗೆದುಕೊಂಡಿದ್ದಳು. ಸರ ಬ್ಯಾಂಕ್ ಲಾಕರಿನಲ್ಲಿದೆ ಅಂತ ಅವಳಿಗೆ ಹೇಳಿದ್ದೆ. ನಾನು ಸಂಜೆ ಬಂದಾಗ ಪತ್ರ ಊಟದ ತಟ್ಟೆಯ ಪಕ್ಕದಲ್ಲಿತ್ತು. ಅವಳು ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ ಅವಳ ಅಣ್ಣ ಬಂದ. ಅವನು ಒಳ್ಳೆಯವನು. “ನಡಿ ಭಾವ, ಸಿಗಂದೂರಿಗೆ ಹೋಗಿ ಅಮ್ಮನ ಎದುರು ಆಣೆ ಮಾಡು. ಎಲ್ಲ ಸರಿಯಾಗ್ತದೆ” ಅಂದ.

ಆಗ ಸೇತುವೆ ಇನ್ನೂ ಆಗಿರಲಿಲ್ಲ. ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ಚೌಡೇಶ್ವರಿ ಎದುರು ಕಣ್ಣೀರು ಹಾಕಿ ಆಣೆ ಮಾಡಿದೆ. ನಾಟಕವಲ್ಲ, ಮನಸ್ಸಿಟ್ಟೇ ಮಾಡಿದ್ದು. ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೇ ದಿನ ಮತ್ತೆ ಇನ್‌ಸ್ಟಾಲ್ ಮಾಡಿದೆ. ಆಣೆ ಮುರಿದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಮೊದಲು ದುಡ್ಡಿನ ಭಯ ಮಾತ್ರ ಇತ್ತು, ಈಗ ದೇವಿಯ ಭಯವೂ ಸೇರಿತು. ಆ ಭಯ ಮರೆಯಲು ಮತ್ತಷ್ಟು ಆಡಿದೆ. ಆಣೆ ಮಾಡಿಸುವ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಜ್ವರ ಬಂದವನಿಗೆ ಇನ್ನು ಮೈ ಬಿಸಿ ಮಾಡಿಕೊಳ್ಳಲ್ಲ ಅಂತ ಆಣೆ ಮಾಡಿಸುತ್ತೇವಾ?

14416ಕ್ಕೆ ಫೋನ್ ಮಾಡಿದ್ದು ನಾನಲ್ಲ, ಹೆಂಡತಿ. ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು. ಅಂಗನವಾಡಿ ಗೋಡೆ ಮೇಲೆ ನಂಬರ್ ನೋಡಿದ್ದಳಂತೆ. ಅವಳು ಫೋನ್ ಮಾಡಿದ್ದು ನನಗೋಸ್ಕರ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವಳಿಗೇ ಮೂರು ತಿಂಗಳಿಂದ ನಿದ್ದೆ ಇರಲಿಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು. ಅವಳ ಮಾತು ಕೇಳುತ್ತ ಹೋದ ಹಾಗೆ ಆ ಕಡೆಯವರಿಗೆ ನಾನು ಗೊತ್ತಾದೆ. ಕನ್ನಡದಲ್ಲೇ ಮಾತಾಡಿದರು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಇಬ್ಬರೂ ಹೋಗಿ ಅಂದರು.

ಮಂಗಳವಾರ ಓಪಿಡಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತದ್ದು ನನ್ನ ಬದುಕಿನ ಅತಿ ಉದ್ದದ ಎರಡು ಗಂಟೆ. ಮಂಡಿಗೆ ಬರುವ ಬೆಳೆಗಾರರು ಅಲ್ಲೇ ಓಡಾಡುತ್ತಿದ್ದರು. ಒಬ್ಬರು, “ಎಂತ ಮಾರಾಯಾ, ಇಲ್ಲಿ?” ಅಂದರು. “ಇವಳಿಗೆ ತಲೆಸುತ್ತು” ಅಂದೆ. ಹೆಂಡತಿ ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ಮರೆತಿಲ್ಲ.

ಗೋಡೆ ತುಂಬ ಪೋಸ್ಟರ್. ತಂಬಾಕು ಬಿಡಿ, ಕುಡಿತ ಬಿಡಿ, ಕ್ಷಯ, ಡೆಂಗ್ಯೂ, ಮಂಗನ ಕಾಯಿಲೆ. ನನ್ನ ಕಾಯಿಲೆಯ ಪೋಸ್ಟರ್ ಇರಲಿಲ್ಲ. ಬಿಪಿ ನೋಡಿದ ಸಿಸ್ಟರ್ ಬೀಡಿ ಸೇದ್ತೀರಾ, ಎಲೆ ಅಡಿಕೆ ಹಾಕ್ತೀರಾ, ಕುಡೀತೀರಾ ಅಂತ ಕೇಳಿ ಬರೆದುಕೊಂಡರು. ಮೂರಕ್ಕೂ ಇಲ್ಲ ಅಂದೆ. (ಕವಳ ಹಾಕುತ್ತೇನೆ. ಅಡಿಕೆ ಮಂಡಿಯವನು ಹಾಕದೆ ಇರುತ್ತಾನಾ? ಅವತ್ತು ನನ್ನ ಬಾಯಲ್ಲಿ ಸುಳ್ಳು ಬಿಟ್ಟು ಬೇರೆ ಬರುತ್ತಿರಲಿಲ್ಲ.) ಜೂಜು ಆಡ್ತೀರಾ ಅಂತ ಆ ಕಾಲಂನಲ್ಲಿ ಇರಲೇ ಇಲ್ಲ. ಇದ್ದಿದ್ದರೆ, ಎರಡು ವರ್ಷ ಮೊದಲೇ ಹೊಟ್ಟೆ ಉರಿ ಅಂತ ಇದೇ ಆಸ್ಪತ್ರೆಗೆ ಬಂದಿದ್ದಾಗ ಯಾರಾದರೂ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆನೋ ಇಲ್ಲವೋ, ಕೇಳಿದ್ದರಂತೂ ಬೆಚ್ಚಿಬೀಳುತ್ತಿದ್ದೆ.

ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ನನ್ನ ಬಗ್ಗೆ ಏನೂ ತೀರ್ಮಾನ ಮಾಡದ ದನಿಯಲ್ಲಿ ಒಂಬತ್ತು ಪ್ರಶ್ನೆ ಕೇಳಿದರು. ಕಳೆದ ಹನ್ನೆರಡು ತಿಂಗಳಲ್ಲಿ, ಕಳೆದುಕೊಂಡರೆ ತಡೆಯಲಾರದಷ್ಟು ದುಡ್ಡು ಹಾಕಿದ್ದೀರಾ? ಅದೇ ಮಜಾ ಬರಬೇಕಾದರೆ ಮೊದಲಿಗಿಂತ ಜಾಸ್ತಿ ಹಾಕಬೇಕಾಯಿತಾ? ಹೋದದ್ದನ್ನು ವಾಪಸ್ ತರಲು ಇನ್ನೊಂದು ದಿನ ಮತ್ತೆ ಆಡಿದ್ದೀರಾ? ಸಾಲ ಮಾಡಿದಿರಾ, ಏನಾದರೂ ಮಾರಿದಿರಾ? ಹೀಗೇ. ಯಾವತ್ತೂ ಇಲ್ಲ ಅಂದರೆ ಸೊನ್ನೆ, ಯಾವಾಗಲೂ ಅಂದರೆ ಮೂರು. ಒಟ್ಟು 27. ಎಂಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಮಸ್ಯೆ ಇದೆ ಅಂತ ಲೆಕ್ಕ. ನನಗೆ 21 ಬಂತು. ಶಾಲೆಯಲ್ಲಿ ಯಾವ ಪರೀಕ್ಷೆಯಲ್ಲೂ ಅಷ್ಟು ಪರ್ಸೆಂಟ್ ತೆಗೆದವನಲ್ಲ.

ಆಮೇಲೆ ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದರು, “ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?” ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಬಂದಿದೆ ಅಂದೆ. ಅಷ್ಟು ಹೇಳಿದ್ದಕ್ಕೇ ಮೈಯೆಲ್ಲ ನಡುಗಿತು. ಆದರೆ ಹೇಳಿದ ಮೇಲೆ ಆ ಯೋಚನೆಯ ಗಾತ್ರ ಸಣ್ಣದಾಯಿತು. ಅವರು ಗಾಬರಿಯಾಗಲಿಲ್ಲ. ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ ಅಂತ ಕೇಳಿ ಬರೆದುಕೊಂಡರು. ಆ ಹೊತ್ತಿನಲ್ಲಿ ಒಬ್ಬರೇ ಇರಬೇಡಿ ಅಂದರು. ಅದನ್ನು ನನ್ನ ಒಪ್ಪಿಗೆ ಕೇಳಿ ಹೆಂಡತಿಗೂ ಹೇಳಿದರು.

“ಇದು ಕಾಯಿಲೆ” ಅಂದರು ಕೊನೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಇದೆ, ಕುಡಿತದ ಗೀಳಿನ ಜೊತೆಗೇ ಇಟ್ಟಿದ್ದಾರೆ ಅಂತ ವಿವರಿಸಿದರು. ನನಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. “ಕಾಯಿಲೆ ಅಂದ್ರೆ ಸಾಲ ತೀರ್ತದಾ ಮೇಡಂ?”

“ಇಲ್ಲ. ಕಾಯಿಲೆನೂ ನಿಮ್ಮದೇ, ಸಾಲನೂ ನಿಮ್ಮದೇ. ಎರಡೂ ಬೇರೆ ಬೇರೆ ಪುಸ್ತಕ.”

ಗುಮಾಸ್ತನಿಗೆ ಅರ್ಥವಾಗುವ ಭಾಷೆ. ಆಗಲೇ ಅವರು ಎಷ್ಟು ಕಳೆದಿದ್ದೀರಿ ಅಂತ ಕೇಳಿದ್ದು, ನಾನು ಮೂರೂವರೆ ಅಂದದ್ದು. “ಇರಬಹುದು ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಫೋನಲ್ಲಿ ಅಲ್ಲ, ಕೈಯಲ್ಲಿ ಬರೀರಿ.” ಮನಸ್ಸಿನ ಕುಗ್ಗುವಿಕೆಗೆ ಒಂದು ಮಾತ್ರೆ ಬರೆದರು. ಜೂಜು ಬಿಡಿಸುವುದಕ್ಕೇ ಅಂತ ಮಾತ್ರೆ ಇಲ್ಲ ಅಂತಲೂ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಗೀಳಿಗೆಂದೇ 2014ರಿಂದ ‘ಶಟ್’ ಅನ್ನುವ ಕ್ಲಿನಿಕ್ ಇದೆ, ಬೇಕಾದರೆ ಪತ್ರ ಕೊಡುತ್ತೇನೆ ಅಂದರು. ಬಸ್ ಚಾರ್ಜು, ರಜೆ ಲೆಕ್ಕ ಹಾಕಿ ಇಲ್ಲೇ ನೋಡೋಣ ಅಂದೆವು.

ಸ್ಟೇಟ್‌ಮೆಂಟ್ 61 ಪುಟ ಬಂತು. ಮಂಡಿಯಲ್ಲಿ ನಾನು ದಿನಕ್ಕೆ ಅದರ ಎರಡರಷ್ಟು ನೋಡುತ್ತೇನೆ. ಆದರೆ ಇದನ್ನು ಬರೆದು ಮುಗಿಸಲು ಮೂರು ವಾರ ಹಿಡಿಯಿತು. ರಾತ್ರಿ ಊಟವಾದ ಮೇಲೆ ಅಡುಗೆಮನೆ ಕಟ್ಟೆ ಹತ್ತಿರ ಕೂತು ಬರೆಯುವುದು. ನಾಲ್ಕು ಕಾಲಂ. ದಿನ, ಹಾಕಿದ್ದು, ತೆಗೆದದ್ದು, ಅವತ್ತು ಏನಾಗಿತ್ತು. ಮೊದಲ ಮೂರು ಬೇಗ ತುಂಬುತ್ತವೆ. ನಾಲ್ಕನೆಯದೇ ಕಷ್ಟ. ನಾಲ್ಕು ವರ್ಷ ಹಿಂದಿನ ಒಂದು ಗುರುವಾರ ಏನಾಗಿತ್ತು ಅಂತ ಹೇಗೆ ನೆನಪಿರುತ್ತದೆ? ಹೆಂಡತಿ ಕ್ಯಾಲೆಂಡರ್‌ಗಳನ್ನು ಎಸೆದಿರಲಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಯಾರ ಮನೆ ತಿಥಿ, ಎಲ್ಲ ಅದರ ಮೇಲೆ ಗೀಚಿದ್ದಳು. ಅದನ್ನು ಅವಳು ಓದುವುದು, ನಾನು ಬರೆಯುವುದು. ಹೀಗೆ ಒಂದು ಸಾಲು ಬಂತು: 2022 ನವೆಂಬರ್, ಹಾಕಿದ್ದು 11,000, ತೆಗೆದದ್ದು ಇಲ್ಲ. ಕ್ಯಾಲೆಂಡರಿನಲ್ಲಿ ‘ಪಾಪುಗೆ ಜ್ವರ, ಅಡ್ಮಿಟ್’ ಅಂತ ಇತ್ತು. ಔಷಧಿ ತರುತ್ತೇನೆ ಅಂತ ಹೊರಗೆ ಹೋದವನು ಮೆಟ್ಟಿಲ ಮೇಲೆ ಕೂತು ಆಡಿದ್ದೆ. ಅವಳು ಅವತ್ತು ಓದುವುದನ್ನು ನಿಲ್ಲಿಸಿ ಎದ್ದು ಹೋದಳು. ಮರುದಿನ ಮತ್ತೆ ಬಂದು ಕೂತಳು.

ಒಟ್ಟು ಹಾಕಿದ್ದು 14,62,350. ತೆಗೆದದ್ದು 5,17,900. ಹೋದದ್ದು 9,44,450. ಬಡ್ಡಿ ಬೇರೆ. ನನ್ನ ಸಂಬಳ ಆಗ 22,000. ಭಾಗಿಸಿ ನೋಡಿ, ಹತ್ತಿರ ಹತ್ತಿರ 43 ತಿಂಗಳ ಸಂಬಳ. ಮೂರು ಸಲ ಕೂಡಿಸಿದೆ. ಲೆಕ್ಕ ತಪ್ಪಿರಲಿಲ್ಲ. ಮೂರೂವರೆ ಲಕ್ಷ ಅನ್ನುವುದು ನನಗೆ ಹೇಗೆ ಬಂದಿತ್ತು ಅಂತ ಆಗ ತಿಳಿಯಿತು. ಗೆದ್ದ ದಿನಗಳೆಲ್ಲ ನೆನಪಿದ್ದವು, ಗಂಟೆ ಸಮೇತ. ಸೋತದ್ದರಲ್ಲಿ ದೊಡ್ಡವು ಮಾತ್ರ ನೆನಪಿದ್ದವು. ಇನ್ನೂರು, ಮುನ್ನೂರು, ಐನೂರು ಅಂತ ಸೋರಿದ್ದು ಲೆಕ್ಕದಲ್ಲೇ ಇರಲಿಲ್ಲ. ಒಡೆದ ಕೊಡ ತಾನೇ, ಹನಿ ಹನಿ ಹೋಗಿದ್ದೇ ಜಾಸ್ತಿ.

ನಾಲ್ಕನೇ ಕಾಲಂ ಇನ್ನೊಂದು ಸಂಗತಿ ಹೇಳಿತು. ಬೇಜಾರಾದಾಗ ಆಡುತ್ತಿದ್ದೆ ಅಂತ ನಾನು ಎಲ್ಲರಿಗೂ ಹೇಳಿಕೊಂಡಿದ್ದೆ. ಪುಸ್ತಕದಲ್ಲಿ ಹಾಗಿರಲಿಲ್ಲ. ದೊಡ್ಡ ಮೊತ್ತ ಹೋದದ್ದು ಸಂಬಳದ ದಿನ, ಮತ್ತೆ ಗೆದ್ದ ದಿನದ ಮರುದಿನ. ಡಾಕ್ಟರಿಗೆ ತೋರಿಸಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಪ್ರತಿ ಸಲ ಗೆದ್ದರೆ ಅಥವಾ ಪ್ರತಿ ಸಲ ಸೋತರೆ ಮನುಷ್ಯ ಬೇಗ ಬಿಡುತ್ತಾನಂತೆ. ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ್ದಕ್ಕೇ ಮಿದುಳು ಕಾದು ಕೂರುವುದು. ಗಾಳ ಹಾಕಿ ಕೂತವನು ಏಳದ ಹಾಗೆ. ಇನ್ನೊಂದೇ ಎಲೆ ಬಂದಿದ್ದರೆ ಡಿಕ್ಲೇರ್ ಮಾಡಿ ಗೆಲ್ಲುತ್ತಿದ್ದೆ ಅನ್ನಿಸುತ್ತದಲ್ಲ, ಆ ‘ಇನ್ನೊಂದೇ ಎಲೆ’ ಸೋಲನ್ನು ಸೋಲು ಅನ್ನಿಸದ ಹಾಗೆ ಮಾಡುತ್ತದೆ ಅಂದರು.

ಮುಂದಿನ ಹೆಜ್ಜೆ ಮಾತಿನದ್ದಲ್ಲ, ದುಡ್ಡಿನದ್ದು. ಅಲ್ಲೊಬ್ಬ ಆಪ್ತಸಮಾಲೋಚಕರಿದ್ದರು, ಚಿಕ್ಕ ವಯಸ್ಸಿನವರು. ಅವರು ಹೇಳಿದ ಹಾಗೆ ಮಾಡಿದೆವು. ಸಂಬಳ ಹೆಂಡತಿಯ ಖಾತೆಗೆ. ನನ್ನ ಫೋನಿನಿಂದ ಯುಪಿಐ ತೆಗೆದದ್ದಷ್ಟೇ ಅಲ್ಲ, ಫೋನೇ ಬದಲು. ಬಟನ್ ಇರುವ ಡಬ್ಬಾ ಫೋನ್. ದಿನಕ್ಕೆ ನೂರು ರೂಪಾಯಿ ಕೈಗೆ, ಸಂಜೆ ಚಿಲ್ಲರೆ ಸಮೇತ ಲೆಕ್ಕ. ಮೂವತ್ತೆಂಟು ವರ್ಷದ ಗಂಡಸಿಗೆ ಇದು ಎಷ್ಟು ಕಿರಿಕಿರಿ ಅಂತ ಅನುಭವಿಸಿದವರಿಗೇ ಗೊತ್ತು. ಮೊದಲ ತಿಂಗಳು ದಿನಾ ಜಗಳ. ಆದರೆ ಗೀಳು ಬಂದಾಗ ಅದು ಹೆಚ್ಚೆಂದರೆ ಅರ್ಧ ಗಂಟೆ ಇರುತ್ತದೆ. ಆ ಅರ್ಧ ಗಂಟೆಯಲ್ಲಿ ಕೈಗೆ ದುಡ್ಡು ಸಿಗದಿದ್ದರೆ ಅದು ಇಳಿದು ಹೋಗುತ್ತದೆ. ನಾನು ಹಿತ್ತಲಿಗೆ ಹೋಗಿ ಸೌದೆ ಒಡೆಯುತ್ತಿದ್ದೆ. ಆ ಮಳೆಗಾಲ ನಮ್ಮ ಮನೆಯಲ್ಲಿ ಸೌದೆಗೆ ಬರ ಇರಲಿಲ್ಲ.

ಸಾಲದ ಪಟ್ಟಿ ಬೇರೆ ಪುಟದಲ್ಲಿ ಬರೆದೆವು. ಚಿನ್ನದ ಮೇಲೆ 1,90,000. ಸೊಸೈಟಿ 1,50,000. ಲೋನ್ ಆ್ಯಪ್‌ಗಳು 86,000. ಕೈಗಡ 1,35,000. ಮಂಡಿ 40,000. ಭಾವ ಮತ್ತೆ ಬಂದ. ಮೂರು ಲಕ್ಷ ಕೊಡುತ್ತೇನೆ, ಮೊದಲು ದೊಡ್ಡದೆಲ್ಲ ತೀರಿಸಿಬಿಡು ಅಂದ. ಕೈ ಮುಗಿಯಬೇಕು ಅನ್ನಿಸಿತು. ಸಮಾಲೋಚಕರು ಬೇಡ ಅಂದರು. “ಒಂದೇ ಸಲ ತೀರಿದರೆ ಹಳೆ ಬಾಗಿಲೆಲ್ಲ ಮತ್ತೆ ತೆರೀತವೆ. ಇವರಿಗೆ ಮತ್ತೆ ಸಾಲ ಸಿಗುತ್ತೆ.” ಅದು ನಿಷ್ಠುರದ ಮಾತು ಅನ್ನಿಸಿತ್ತು. ಹರಾಜು ತಪ್ಪಿಸುವಷ್ಟು ಮಾತ್ರ ಭಾವನಿಂದ ತಗೊಂಡೆವು. ಅದನ್ನೂ ಅವನು ನನ್ನ ಕೈಗೆ ಕೊಡಲಿಲ್ಲ, ನೇರ ಫೈನಾನ್ಸಿಗೆ ಕಟ್ಟಿದ. ಉಳಿದದ್ದು ತಿಂಗಳು ತಿಂಗಳು ನಾವೇ.

ಲೋನ್ ಆ್ಯಪ್‌ನವರು ನನ್ನ ಫೋನಿನಲ್ಲಿದ್ದ ನಂಬರ್‌ಗಳಿಗೆಲ್ಲ ಕರೆ ಮಾಡತೊಡಗಿದ್ದರು. ಆ್ಯಪ್‌ಗಳು ಸಾಲಗಾರನ ಫೋನಿನ ನಂಬರ್ ಪಟ್ಟಿಗೆ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ನಿಯಮ ಇದೆ, ಕರೆಯೂ ಬರುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಯಜಮಾನರಿಗೂ ಯಾವತ್ತಾದರೂ ಕರೆ ಹೋಗುತ್ತದೆ ಅಂತ ಖಾತ್ರಿಯಾದ ಮೇಲೆ ನಾನೇ ಹೋಗಿ ಹೇಳಿದೆ, 40,000ದ ವಿಷಯವನ್ನೂ. ಧೈರ್ಯದಿಂದಲ್ಲ, ಬೇರೆ ದಾರಿ ಇರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. “ಆ ತುಮರಿಯವರಿಗೆ ಮುಂಗಡ ತಡ ಆಯ್ತಲ್ಲ, ಅವರು ನನ್ನ ಬೈದು ಹೋದ್ರು ಮಾರಾಯಾ. ನಾನು ಬ್ಯಾಂಕಿನವರನ್ನ ಬೈದೆ” ಅಂದರು. ಪೊಲೀಸಿಗೆ ಕೊಡಲಿಲ್ಲ. ಗಲ್ಲಾದಿಂದ ಎಬ್ಬಿಸಿ ತೂಕದ ಕಡೆ ಹಾಕಿದರು. ತಿಂಗಳಿಗೆ 2,000 ಮುರಿದುಕೊಂಡರು. ಹಮಾಲರೆಲ್ಲ ಏನಾಯ್ತು ಅಂತ ಕೇಳಿದರು. ಕಣ್ಣು ನೋವು ಅಂದೆ.

ನಲವತ್ತೇಳನೇ ದಿನ ಮತ್ತೆ ಆಡಿದೆ. ಇದನ್ನು ಬಿಟ್ಟು ಬರೆಯೋಣ ಅಂತ ಮನಸ್ಸಿತ್ತು. ಅಮ್ಮನ ಖಾತೆಗೆ ಗೃಹಲಕ್ಷ್ಮಿಯ 2,000 ಬಂದಿತ್ತು. ಮನೆ ಯಜಮಾನಿ ಅಂತ ರೇಷನ್ ಕಾರ್ಡಿನಲ್ಲಿ ಅವಳ ಹೆಸರೇ ಇರುವುದು. ಅವಳ ಫೋನಿನಲ್ಲಿ ಯುಪಿಐ ಹಾಕಿಕೊಟ್ಟವನೂ ನಾನೇ, ಪಿನ್ ಇಟ್ಟವನೂ ನಾನೇ. ಅವಳು ಮಧ್ಯಾಹ್ನ ಮಲಗಿದ್ದಳು. ಇಪ್ಪತ್ತೈದು ನಿಮಿಷ. ಅವಳಿಗೆ ಅವತ್ತೇ ಹೇಳಿದೆ. “ಅಷ್ಟೂ ಹೋಯ್ತಾ ಮಗಾ?” ಅಂದಳು, ಅಷ್ಟೆ. ಆ ದುಡ್ಡಿನಲ್ಲಿ ಕನ್ನಡಕ ಮಾಡಿಸಬೇಕು ಅಂತ ಇದ್ದಳು ಅಂತ ಆಮೇಲೆ ಹೆಂಡತಿ ಹೇಳಿದಳು.

ಮಂಗಳವಾರ ಹೋಗಿ ತಲೆ ತಗ್ಗಿಸಿ ಕೂತೆ. ಡಾಕ್ಟರು ಉಪದೇಶ ಮಾಡಲಿಲ್ಲ. ಎಷ್ಟು ಗಂಟೆಗೆ, ಊಟ ಆಗಿತ್ತಾ, ಹಿಂದಿನ ರಾತ್ರಿ ನಿದ್ದೆ ಬಂದಿತ್ತಾ, ಮನೆಯಲ್ಲಿ ಯಾರಿದ್ದರು ಅಂತ ಕೇಳಿದರು. ನೋಟ್‌ಬುಕ್ಕಿನಲ್ಲಿ ಅದೇ ನಾಲ್ಕು ಕಾಲಂನಲ್ಲಿ ಇದನ್ನೂ ಬರೆಯಿರಿ ಅಂದರು. ಬರೆದೆ. ಅಮ್ಮನ ಫೋನಿನ ಪಿನ್ ಬದಲಾಯಿತು. ಅದೇ ದಿನ ಹೆಂಡತಿಯ ಬಿಪಿಯನ್ನೂ ನೋಡಿ ಅವಳಿಗೆ ಬೇರೆ ಚೀಟಿ ಮಾಡಿಸಿದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ರೋಗಿ ಒಬ್ಬನೇ ಅಂತ ನಾನು ಅಂದುಕೊಂಡಿದ್ದೆ.

ಆ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಜೂಜನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತಲೇ ನೋಡಬೇಕು ಅಂದಿತ್ತು. ಜಗತ್ತಿನಲ್ಲಿ ಸುಮಾರು 8 ಕೋಟಿ ವಯಸ್ಕರಿಗೆ ಈ ಕಾಯಿಲೆ ಅಥವಾ ಇದರ ಹತ್ತಿರದ ಸಮಸ್ಯೆ ಇದೆ ಅಂತ ಅದರ ಅಂದಾಜು. ಸಮಾಲೋಚಕರು ಹೇಳಿದ್ದು. ನಾನು ಆಗ ಬೆಂಚಿನ ಮೇಲಿದ್ದವರನ್ನು ನೋಡಿದೆ. ಮದ್ಯದವರು ಇದ್ದರು, ನಿದ್ದೆ ಬಾರದವರು ಇದ್ದರು. ನನ್ನಂಥವರು ಬೇರೆ ಕಾರಣ ಹೇಳಿಕೊಂಡೇ ಕೂತಿರಬೇಕು.

2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. 22ಕ್ಕೆ ರಾಷ್ಟ್ರಪತಿಗಳ ಸಹಿ ಬಿತ್ತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ದೇಶದಲ್ಲೇ ಬಂದ್. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ಆ ಕೊನೆಯ ಸಾಲನ್ನು ಪೇಪರಿನಲ್ಲಿ ಎರಡು ಸಲ ಓದಿದೆ. ಮಂಡಿಯಲ್ಲಿ ಎಲ್ಲ ಖುಷಿಯಾಗಿ ಮಾತಾಡುತ್ತಿದ್ದರು. ನನಗೆ ಮೊದಲು ಬಂದ ಯೋಚನೆ, ಹಳೇ ಖಾತೆಯಲ್ಲಿ 340 ರೂಪಾಯಿ ಉಳಿದಿದೆಯಲ್ಲ, ಅದನ್ನು ಹೇಗೆ ತೆಗೆಯುವುದು ಅಂತ. ಒಂದು ವರ್ಷ ಆಡದೇ ಇದ್ದ ಮೇಲೂ ಮೊದಲು ಬಂದ ಯೋಚನೆ ಅದು.

ಕಾನೂನು ಒಳ್ಳೆಯದೇ. 2021ರ ನಾಲ್ಕು ತಿಂಗಳು ನನಗೆ ಅದನ್ನು ತೋರಿಸಿದೆ. ಆದರೆ ಅಂಗಡಿ ಮುಚ್ಚಿದ ದಿನವೇ ಗಿರಾಕಿಯ ಹಸಿವು ಮುಚ್ಚುವುದಿಲ್ಲ. ಮಂಗಳವಾರದ ಬೆಂಚಿನಲ್ಲಿ ಪರಿಚಯವಾದ ಒಬ್ಬ ಹುಡುಗ ರಮ್ಮಿ ನಿಂತ ಮೇಲೆ ಷೇರಿನ ಆಪ್ಷನ್ ಕಡೆ, ಅಂದರೆ ದರ ಏರುತ್ತದೋ ಇಳಿಯುತ್ತದೋ ಅಂತ ದುಡ್ಡು ಕಟ್ಟುವ ವ್ಯವಹಾರಕ್ಕೆ, ಹೋದ. ಇನ್ನೊಬ್ಬನಿಗೆ ಟೆಲಿಗ್ರಾಂನಲ್ಲಿ ಯಾವುದೋ ವಿದೇಶಿ ಸೈಟಿನ ಲಿಂಕ್ ಬರುತ್ತಿದೆಯಂತೆ. ನನ್ನದು ಡಬ್ಬಾ ಫೋನ್, ಲಿಂಕ್ ಬಂದರೂ ತೆರೆಯುವುದಿಲ್ಲ. ಆ ಪೋಸ್ಟರುಗಳ ಗೋಡೆಯಲ್ಲಿ ಇವತ್ತಿಗೂ ಒಂದು ಜಾಗ ಖಾಲಿ ಇದೆ, ಕಿಟಕಿ ಪಕ್ಕದಲ್ಲಿ. ಪ್ರತಿ ಸಲವೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಈಗ ಸಾಲ 3,20,000ಕ್ಕೆ ಇಳಿದಿದೆ. ಬಳೆ ಬಿಡಿಸಿ ತಂದೆವು, ಸರ ಇನ್ನೂ ಅಲ್ಲೇ ಇದೆ. ಅಮ್ಮನ ಕನ್ನಡಕ ಆಗಿದೆ. ಡಾಕ್ಟರ ಹತ್ತಿರ ಎರಡು ತಿಂಗಳಿಗೊಮ್ಮೆ ಹೋದರೆ ಸಾಕು.

ಮೊನ್ನೆ ಕೊಯ್ಲಿನ ಗಡಿಬಿಡಿ. ಯಜಮಾನರು ಯಾರದೋ ಮನೆಯ ಹನ್ನೊಂದನೇ ದಿನಕ್ಕೆ ಹೋಗಬೇಕಿತ್ತು. ಗಲ್ಲಾದ ಹುಡುಗನಿಗೆ ಹೊಸ ಕೆಲಸ, ಹೆದರಿಕೆ. ಅವರು ತೂಕದ ಹತ್ತಿರ ಬಂದು ಕೀಲಿಕೈ ಚಾಚಿದರು. “ಮಧ್ಯಾಹ್ನದವರೆಗೆ ನೋಡ್ಕ ಮಾರಾಯಾ, ಒಂದೂವರೆ ವರ್ಷ ಆಯ್ತಲ್ಲ.” ಕೈ ತಾನಾಗಿಯೇ ಮುಂದೆ ಹೋಯಿತು. ಹಳೇ ಕೀಲಿ, ತುದಿಗೆ ಕೆಂಪು ದಾರ ನಾನೇ ಕಟ್ಟಿದ್ದು.

“ಕೀಲಿ ಅವನ ಹತ್ರನೇ ಇರಲಿ” ಅಂದೆ. “ನಾನು ಪಕ್ಕದಲ್ಲಿ ಕೂತು ಪುಸ್ತಕ ಬರೀತೇನೆ. ಅವನು ಎಣಿಸಲಿ.”

ಅವರು ಏನೋ ಹೇಳಲು ಹೋಗಿ ಸುಮ್ಮನಾದರು. ಹುಡುಗ ಎಣಿಸಿದ. 1,86,500 ಅಂದ. ನಾನು ಬರೆದುಕೊಂಡು, ಇನ್ನೊಂದು ಸಲ ಎಣಿಸು ಅಂದೆ.